ಬೆಂಗಳೂರಿಗೆ ಯಾವ ವಾರ ಬರಬೇಕು?

ಮಳೆ ಎಷ್ಟಾಯ್ತು, ಅಡಿಕೆ ಧಾರಣೆ ಎಲ್ಲಿಗೆ ಬಂತು ಅನ್ನುವ ಮಾತೆಲ್ಲ ಮುಗಿದ ಮೇಲೆ ಸಾಗರದ ಕಡೆಯ ಫೋನುಗಳು ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: "ಕೂಸೇ, ನಾವು ಬೆಂಗಳೂರಿಗೆ ಬರೋದಾದ್ರೆ ಶನಿವಾರ-ಭಾನುವಾರ ಬರಲೋ, ವಾರದ ಮಧ್ಯ ಬರಲೋ?" ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಗುತ್ತ ಬಂತು. ಮೊದಲೆಲ್ಲ "ಯಾವಾಗಾದ್ರೂ ಬನ್ನಿ" ಅನ್ನುತ್ತಿದ್ದೆ. ಅದು ಪ್ರೀತಿಯ ಮಾತೇ, ಆದರೆ ಉತ್ತರವಲ್ಲ. ಈಗ ಹೇಳುವುದು ಇಷ್ಟು: ಶನಿವಾರ ರಾತ್ರಿ ಊರು ಬಿಡಿ, ಭಾನುವಾರ ಬೆಳಗ್ಗೆ ಇಲ್ಲಿ ಇಳಿಯಿರಿ, ಮಂಗಳವಾರ ರಾತ್ರಿ ವಾಪಸ್ ಬಸ್ಸು ಹತ್ತಿ.

ಹೀಗೆ ಹೇಳಲು ಕಲಿಸಿದ್ದು ನನ್ನ ದೊಡ್ಡಪ್ಪ, ದೊಡ್ಡಮ್ಮ. ಕೆಲವು ವರ್ಷದ ಹಿಂದೆ "ವಾರದ ದಿನ ಬಂದರೆ ಜನ ಕಡಿಮೆ" ಎಂದು ಯಾರೋ ಹೇಳಿದ್ದನ್ನು ನಂಬಿ ಒಂದು ಬುಧವಾರ ಬಂದಿಳಿದರು. ನನ್ನ ಕಚೇರಿ ವೈಟ್‌ಫೀಲ್ಡ್ ಕಡೆ, ಮನೆ ಬಸವನಗುಡಿಯಲ್ಲಿ. ಮಂಗಳ, ಬುಧ, ಗುರುವಾರ ಕಚೇರಿಗೆ ಹೋಗಲೇಬೇಕು. ಬೆಳಗ್ಗೆ ಅವರಿಗೆ ಕಾಫಿ ಕೊಟ್ಟು ಓಡಿದವಳು ಮನೆ ಸೇರಿದಾಗ ರಾತ್ರಿ ಒಂಬತ್ತು. ಗುರುವಾರವೂ ಅದೇ. ಗೊತ್ತಿಲ್ಲದ ಊರಿನಲ್ಲಿ ಇಬ್ಬರೇ ಹೊರಗೆ ಹೋಗಲು ಧೈರ್ಯ ಸಾಲದೆ ಎರಡು ದಿನವೂ ಮನೆಯಲ್ಲೇ ಕೂತಿದ್ದರು. ದೊಡ್ಡಮ್ಮ ಊರಿಂದ ತಂದ ಹಲಸಿನ ಹಪ್ಪಳ ಕರಿದಿಟ್ಟು, ನಾನು ಬರುವ ತನಕ ಊಟ ಮಾಡದೆ ಕಾದಿದ್ದರು. ಶುಕ್ರವಾರ ಹೊರಡುವಾಗ ದೊಡ್ಡಪ್ಪ, "ನಿನ್ನ ನೋಡಿದ್ವಲ್ಲ, ಸಾಕು ಬಿಡು" ಎಂದರು. ಆ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಅವತ್ತು ಅರ್ಥವಾದದ್ದು ಇದು. ಭಾನುವಾರ ಬಂದರೆ ಬೆಂಗಳೂರಿನಲ್ಲಿರುವ ನಿಮ್ಮವರು ಸಿಗುತ್ತಾರೆ, ವಾರದ ದಿನ ಬಂದರೆ ಬೆಂಗಳೂರಿನ ಕೆಲಸಗಳು ಆಗುತ್ತವೆ. ಊರಿಂದ ಬರುವವರಿಗೆ ಸಾಮಾನ್ಯವಾಗಿ ಎರಡೂ ಬೇಕಿರುತ್ತದೆ. ಹಾಗಾಗಿ ಎರಡನ್ನೂ ಮುಟ್ಟುವ ಹಾಗೆ ಬರಬೇಕು.

ಬಸ್ಸಿನ ಲೆಕ್ಕವೂ ಇದಕ್ಕೇ ಹೊಂದುತ್ತದೆ. ಶುಕ್ರವಾರ ಸಂಜೆ ಬೆಂಗಳೂರು ಊರುಗಳ ಕಡೆ ಹರಿಯುತ್ತದೆ. ಗೊರಗುಂಟೆಪಾಳ್ಯದಿಂದ ನೆಲಮಂಗಲ ದಾಟುವಷ್ಟರಲ್ಲೇ ಅರ್ಧ ರಾತ್ರಿ ಕಳೆದ ಹಾಗಾಗಿರುತ್ತದೆ. ಭಾನುವಾರ ರಾತ್ರಿ ಅದೇ ಜನ ತಿರುಗಿ ಬರುತ್ತಾರೆ, ಆಗ ಊರಿಂದ ಈ ಕಡೆ ಬರುವ ಬಸ್ಸಿನಲ್ಲಿ ಸೀಟಿಲ್ಲ, ಖಾಸಗಿ ಬಸ್ಸಾದರೆ ದರವೂ ಏರಿರುತ್ತದೆ. ಶನಿವಾರ ರಾತ್ರಿ ಈ ಕಡೆಗೆ, ಮಂಗಳವಾರ ರಾತ್ರಿ ಆ ಕಡೆಗೆ ಹೊರಟರೆ ನೀವು ಎರಡು ಸಲವೂ ಆ ಹರಿವಿಗೆ ಎದುರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮಂದಿರು, ಅತ್ತೆಯಂದಿರು ಯಾರನ್ನೂ ದುಡ್ಡು ಕೇಳದೆ ಹೊರಡುವ ಹಾಗಾಯಿತು. ಅದು ನನಗೆ ಬಹಳ ಸಂತೋಷದ ಸಂಗತಿ. ಅವರಿಗೆ ಕಿಟಕಿ ಪಕ್ಕದ ಸೀಟೂ ಸಿಗಲಿ ಎಂಬ ಆಸೆಯಿಂದಲೇ ಇಷ್ಟೆಲ್ಲ ಹೇಳುತ್ತಿದ್ದೇನೆ.

ಭಾನುವಾರಕ್ಕೆ ಒಂದು ಎಚ್ಚರಿಕೆ ಇದೆ. ಊರಿನ ಬಸ್ಸು, ರಾತ್ರಿ ರೈಲು ಎಲ್ಲ ನಸುಕಿನಲ್ಲೇ ಮೆಜೆಸ್ಟಿಕ್ಕಿಗೆ ತಂದು ಬಿಡುತ್ತವೆ. ಉಳಿದ ದಿನ ಮೆಟ್ರೊ ಬೆಳಗ್ಗೆ 5ಕ್ಕೆ ಶುರುವಾದರೆ ಭಾನುವಾರ 7ಕ್ಕೆ. ಎರಡು ಗಂಟೆ ಚಳಿಯಲ್ಲಿ ನಿಲ್ದಾಣದಲ್ಲಿ ಕೂರಬೇಡಿ, ನನಗೆ ಫೋನ್ ಮಾಡಿ. ಭಾನುವಾರ ಆ ಹೊತ್ತಿಗೆ ರಸ್ತೆ ಖಾಲಿ, ಬಸವನಗುಡಿಯಿಂದ ಮೆಜೆಸ್ಟಿಕ್ಕಿಗೆ ಬಂದು ಕರೆದುಕೊಂಡು ಹೋಗುವುದು ನನಗೆ ಕಷ್ಟವೇ ಅಲ್ಲ. (ಸೋಮವಾರ ಮಾತ್ರ ಮೆಟ್ರೊ 4.15ಕ್ಕೇ ಹೊರಡುತ್ತದೆ. 2025ರ ಜನವರಿಯಿಂದ ಹಾಗೆ ಮಾಡಿದ್ದಾರೆ. ವಾರಾಂತ್ಯ ಊರಿಗೆ ಹೋಗಿ ಬಂದವರು ಅಷ್ಟು ಜನ!)

ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ವಯಸ್ಸಾದವರನ್ನು ಕೈಹಿಡಿದು ನಡುರಸ್ತೆಯಲ್ಲೇ ನಿಧಾನಕ್ಕೆ ನಡೆಸಿಕೊಂಡು ಹೋಗುವ ಸುಖ ಈ ನಗರದಲ್ಲಿ ಬೇರೆ ಎಲ್ಲೂ ಇಲ್ಲ. ಮರಗಳನ್ನು ತಲೆಯೆತ್ತಿ ನೋಡಬಹುದು, ಹಿಂದಿನಿಂದ ಹಾರ್ನ್ ಬರುವುದಿಲ್ಲ. ಅಲ್ಲಿಂದ ವಿಧಾನಸೌಧ ಕೂಗಳತೆಯ ದೂರ. 2025ರ ಜೂನ್‌ನಿಂದ ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರ ವಿಧಾನಸೌಧವನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸುವ ವ್ಯವಸ್ಥೆ ಆಗಿದೆ, ಮುಂಚೆಯೇ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಬೇಕು. ಅಲ್ಲಿ ಕಡತಗಳ ಕೆಲಸ ನಡೆಯುವ ದಿನ ಇದಕ್ಕೆ ಅವಕಾಶವಿಲ್ಲ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಆ ಕಟ್ಟಡವನ್ನು ಪಠ್ಯಪುಸ್ತಕದ ಚಿತ್ರದಲ್ಲಷ್ಟೇ ನೋಡಿದವರು ಒಮ್ಮೆ ಒಳಗೆ ಕಾಲಿಡಬೇಕು ಎಂಬುದು ನನ್ನ ಹಟ. ಸಂಜೆ ದೀಪ ಹಾಕುವುದೂ ವಾರಾಂತ್ಯಕ್ಕೆ, ರಜೆಯ ದಿನಗಳಿಗೆ.

ಆದರೆ ಭಾನುವಾರವೆಂದು ಸಿಕ್ಕಿದ್ದೆಲ್ಲ ನೋಡಲು ಹೊರಡಬೇಡಿ. ಲಾಲ್‌ಬಾಗಿನಲ್ಲಿ ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ ನಡೆಯುವಾಗ ಭಾನುವಾರ ಗಾಜಿನ ಮನೆಯೊಳಗೆ ಹೂವಿಗಿಂತ ತಲೆಗಳೇ ಕಾಣುತ್ತವೆ. ಆ ಹೊತ್ತಿನಲ್ಲಿ ಬರುವವರು ಲಾಲ್‌ಬಾಗನ್ನು ಕಣ್ಣುಮುಚ್ಚಿ ಮಂಗಳವಾರಕ್ಕೆ ಹಾಕಿ. ನಂದಿಬೆಟ್ಟದ ಸೂರ್ಯೋದಯವನ್ನೂ ಭಾನುವಾರ ನೆನೆಯಬೇಡಿ, ಸೂರ್ಯ ಹುಟ್ಟುವಾಗ ನೀವಿನ್ನೂ ಬುಡದಲ್ಲಿ ವಾಹನದ ಸಾಲಿನಲ್ಲಿರುತ್ತೀರಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆಗೂ ಇದೇ ಮಾತು: ಭಾನುವಾರ ಬೀದಿಯಲ್ಲಿ ನಿಂತು ಕಾಯಬೇಕು, ಮಂಗಳವಾರ ಬೆಳಗ್ಗೆ ಹೋದರೆ ಕಾಯುವುದು ಎಷ್ಟೋ ಕಡಿಮೆ. ಶುಕ್ರವಾರ ಅವರಿಗೆ ರಜೆ.

ರಜೆಯ ವಿಷಯ ಬಂದಿತಲ್ಲ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಭಾನುವಾರ ತೆರೆದಿದ್ದ ಜಾಗಗಳು ಮರುದಿನ ಮುಚ್ಚುತ್ತವೆ. ನೆಹರೂ ತಾರಾಲಯ, ಅರಮನೆ ರಸ್ತೆಯ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಸೋಮವಾರ ಇಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲೂ ಸೋಮವಾರ ಬಾಗಿಲು ಹಾಕಿರುತ್ತದೆ. ಜೆ.ಪಿ. ನಗರದ ರಂಗಶಂಕರದಲ್ಲಿ ಅವತ್ತು ನಾಟಕವಿಲ್ಲ. ಬನ್ನೇರುಘಟ್ಟದ ಪ್ರಾಣಿಸಂಗ್ರಹಾಲಯಕ್ಕೆ ಮಂಗಳವಾರ ರಜೆ. ಹಾಗಾಗಿ ಮಕ್ಕಳಿದ್ದರೆ ಸೋಮವಾರವನ್ನು ಬನ್ನೇರುಘಟ್ಟಕ್ಕೇ ಇಡಿ. ಭಾನುವಾರ ಸಫಾರಿ ಬಸ್ಸಿಗೆ ಕಾಯುವ ಸಾಲು ನೋಡಿದವರಿಗೆ ಸೋಮವಾರದ ಬೆಲೆ ಗೊತ್ತು. ಮಕ್ಕಳು ಸಾಲಿನಲ್ಲೇ ದಣಿದರೆ ಹುಲಿ ಎದುರಿಗೆ ಬಂದಾಗ ನಿದ್ದೆ ಹೋಗಿರುತ್ತವೆ.

ಮದುವೆ ಜವಳಿಗೆ ಬರುವವರೂ ಸೋಮವಾರ, ಮಂಗಳವಾರವನ್ನೇ ಹಿಡಿಯಿರಿ. ಚಿಕ್ಕಪೇಟೆಯ ಸಗಟು ಅಂಗಡಿಗಳಲ್ಲಿ ಭಾನುವಾರ ಹಲವು ತೆರೆಯುವುದಿಲ್ಲ. ತೆರೆದವರೂ ಒಂದೊಂದೇ ಸೀರೆ ಬಿಚ್ಚಿ ತೋರಿಸುವ ತಾಳ್ಮೆಯಲ್ಲಿರುವುದಿಲ್ಲ. ವಾರದ ದಿನ ಹನ್ನೊಂದಕ್ಕೆ ಹೋಗಿ ಕೂತರೆ ಧಾರೆ ಸೀರೆಯಿಂದ ಬೀಗರ ಉಡುಗೊರೆಯ ತನಕ ಒಂದೇ ಕಡೆ ಮುಗಿಸಬಹುದು. ಹಸಿರು ಮಾರ್ಗದ ಮೆಟ್ರೊ ಚಿಕ್ಕಪೇಟೆಯಲ್ಲೇ ಇಳಿಸುತ್ತದೆ, ಕಾರಿನಲ್ಲಿ ಆ ಗಲ್ಲಿಗಳಿಗೆ ಖಂಡಿತ ಹೋಗಬೇಡಿ.

ಆಸ್ಪತ್ರೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಮನೆಗೆ ಬಂದವರಲ್ಲಿ ಅರ್ಧ ಜನ ಅದಕ್ಕಾಗಿಯೇ ಬಂದವರು. ನಮ್ಮ ಮಾವನೊಬ್ಬರು ಮಗನಿಗೆ ರಜೆ ಇರುತ್ತದೆಂದು ಶನಿವಾರ ಬಂದರು. ಆಸ್ಪತ್ರೆ ತೆರೆದೇ ಇತ್ತು, ಆದರೆ ಅವರು ನೋಡಬೇಕಿದ್ದ ವೈದ್ಯರು ಸೋಮವಾರವೇ ಬರುವವರು. ಎರಡು ದಿನ ನೋವು ನುಂಗಿಕೊಂಡು ಕೂತರು. ಸೋಮವಾರ ಹೋದರೆ ಭಾನುವಾರ ತಡೆದುಕೊಂಡ ರೋಗಿಗಳೆಲ್ಲ ಒಟ್ಟಿಗೇ ಬಂದಿದ್ದರು. ಚೀಟಿ ಸಿಕ್ಕಿದ್ದು ಹನ್ನೊಂದಕ್ಕೆ, ವೈದ್ಯರ ಮುಖ ಕಂಡದ್ದು ಮೂರಕ್ಕೆ. ಅವತ್ತಿನಿಂದ ನಾನು ಹೇಳುವುದು: ನಿಮ್ಮ ವೈದ್ಯರು ಯಾವ ವಾರ ಕೂರುತ್ತಾರೆ ಎಂದು ಮೊದಲು ಕೇಳಿ, ಸಾಧ್ಯವಾದರೆ ಸೋಮವಾರ ಬಿಟ್ಟು ಮಂಗಳವಾರ ಮಾಡಿಸಿ. ಹಳೆಯ ರಿಪೋರ್ಟು ಮರೆಯಬೇಡಿ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬರೆದುಕೊಟ್ಟರೆ ಬುಧವಾರವೂ ಬೇಕಾದೀತು, ವಾಪಸ್ ಟಿಕೆಟನ್ನು ಅಷ್ಟು ಸಡಿಲ ಇಟ್ಟುಕೊಳ್ಳಿ. ನಾನು ಆ ದಿನ ರಜೆ ಹಾಕಿ ಜೊತೆಗೆ ಬರುತ್ತೇನೆ. ಇದನ್ನು ಕೇಳಲು ಸಂಕೋಚಪಡುವವರೇ ಹೆಚ್ಚು, ಹಾಗಾಗಿ ನಾನಾಗಿಯೇ ಹೇಳುತ್ತಿದ್ದೇನೆ.

ಸರ್ಕಾರಿ ಕಚೇರಿಯ ಕೆಲಸವಿದ್ದರೆ ಎರಡನೇ, ನಾಲ್ಕನೇ ಶನಿವಾರ ರಜೆ ಎಂಬುದು ನೆನಪಿರಲಿ. ಬ್ಯಾಂಕಿಗೂ ಅಷ್ಟೇ.

ವಾರದ ದಿನ ಎಂದರೆ ಟ್ರಾಫಿಕ್ ಭಯ ಎಲ್ಲರಿಗೂ ಇದೆ. ನಾನು ಕಂಡಂತೆ ಮಂಗಳವಾರದಿಂದ ಗುರುವಾರದ ತನಕ ಹೊರವರ್ತುಲ ರಸ್ತೆ, ಸಿಲ್ಕ್ ಬೋರ್ಡ್, ಹೆಬ್ಬಾಳ ಹೆಚ್ಚು ಬಿಗಿ. ಐಟಿ ಕಂಪನಿಗಳು ಬಹುಪಾಲು ಆ ದಿನಗಳಲ್ಲೇ ಜನರನ್ನು ಕಚೇರಿಗೆ ಕರೆಯುತ್ತವೆ. ಆದರೆ ಊರಿಂದ ಬಂದವರಿಗೆ ಅಲ್ಲಿ ಕೆಲಸವೇನು? ನಿಮ್ಮ ಬೆಂಗಳೂರು ಮೆಜೆಸ್ಟಿಕ್, ಚಿಕ್ಕಪೇಟೆ, ಕಬ್ಬನ್ ಪಾರ್ಕ್, ಬಸವನಗುಡಿ. ಇವೆಲ್ಲ ಮೆಟ್ರೊ ಇರುವ ಕಡೆಯೇ ಇವೆ. ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು ಬಿಟ್ಟು ಓಡಾಡಿದರೆ ಕೂರಲು ಜಾಗವೂ ಸಿಕ್ಕೀತು. ವಾರದ ದಿನವನ್ನು ದೂರುವ ಮೊದಲು ಹೊತ್ತನ್ನು ನೋಡಬೇಕು.

ಹಬ್ಬದ ಸಾಲುರಜೆಗೆ ಮಾತ್ರ ಈ ಲೆಕ್ಕ ತಲೆಕೆಳಗು. ಆಯುಧಪೂಜೆ, ದೀಪಾವಳಿ, ಯುಗಾದಿಗೆ ಬೆಂಗಳೂರಿನ ರಸ್ತೆಗಳು ಬಿಕೋ ಎನ್ನುತ್ತವೆ. ನಗರ ಹಾಗೆ ಉಸಿರು ಬಿಡುವುದನ್ನು ನೋಡಲು ಚಂದವೇ, ಆದರೆ ಆಗ ನಾವೂ ಊರಲ್ಲೇ ಇರುತ್ತೇವೆ, ನೀವು ಬಂದರೆ ಬಾಗಿಲು ತೆರೆಯುವವರಿಲ್ಲ.

ದೊಡ್ಡಪ್ಪ, ದೊಡ್ಡಮ್ಮನನ್ನು ಮತ್ತೆ ಕರೆಸಿಕೊಂಡದ್ದು ಕಾರ್ತೀಕದಲ್ಲಿ. ಬಸವನಗುಡಿಯ ಕಡಲೆಕಾಯಿ ಪರಿಷೆ ಈಚೆಗೆ ನಾಲ್ಕಾರು ದಿನ ನಡೆದರೂ ಅದರ ಮೂಲ ದಿನ ಕಾರ್ತೀಕದ ಕಡೆಯ ಸೋಮವಾರ. ಭಾನುವಾರ ಬೆಳಗ್ಗೆ ಬಂದಿಳಿದವರನ್ನು ಮಧ್ಯಾಹ್ನ ಮಲಗಲು ಬಿಟ್ಟು, ಸಂಜೆ ವಿಧಾನಸೌಧದ ದೀಪ ತೋರಿಸಿದೆ. ಸೋಮವಾರ ನಾನು ಮನೆಯಿಂದಲೇ ಕೆಲಸ ಮಾಡುವ ದಿನ. ಬೆಳಗ್ಗೆ ಆರಕ್ಕೇ ದೊಡ್ಡಬಸವಣ್ಣನ ಗುಡಿಗೆ ಹೋಗಿ ಅಭಿಷೇಕ ನೋಡಿ, ಬೀದಿಯುದ್ದಕ್ಕೂ ರಾಶಿ ಹಾಕಿದ ಕಡಲೆಕಾಯಿಯಲ್ಲಿ ಎರಡು ಸೇರು ಕೊಂಡು, ಒಂಬತ್ತಕ್ಕೆ ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ಅವರಿಬ್ಬರೂ ದಾರಿ ತಿಳಿದುಕೊಂಡಿದ್ದರಿಂದ ಹನ್ನೊಂದಕ್ಕೆ ತಾವೇ ಮತ್ತೊಂದು ಸುತ್ತು ಹೋಗಿ ಬಂದರು. ಮಧ್ಯಾಹ್ನ ಊಟಕ್ಕೆ ಮೂವರೂ ಒಟ್ಟಿಗೆ ಕೂತಾಗ ದೊಡ್ಡಮ್ಮ ಬೇಯಿಸಿದ ಕಡಲೆಕಾಯಿ ಸುಲಿದು ಸುಲಿದು ನನ್ನ ತಟ್ಟೆಗೇ ಹಾಕುತ್ತಿದ್ದರು.