ಕಂಡಕ್ಟರ್‌ಗಳು ಯಾಕಿಷ್ಟು ಸಿಡುಕುತ್ತಾರೆ?

ನಾನು ಬಸ್ ಕಂಡಕ್ಟರ್ ಅಂತ ಗೊತ್ತಾದರೆ ಸಾಕು. ಮದುವೆಮನೆ ಇರಲಿ, ಮಗಳ ಸ್ಕೂಲ್ ಮೀಟಿಂಗ್ ಇರಲಿ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಬೇಜಾರ್ ಮಾಡ್ಕೋಬೇಡಿ ಮೇಡಂ, ಕಂಡಕ್ಟರ್‌ಗಳು ಯಾಕೆ ಯಾವಾಗ್ಲೂ ಮುಖ ಗಂಟು ಹಾಕ್ಕೊಂಡಿರ್ತಾರೆ?"

ಚಿಲ್ಲರೆ ಜಗಳದಿಂದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಇದ್ದದ್ದೇ. ನನ್ನನ್ನು ಕೇಳಿದರೆ ನಾನು ನೀರಿನ ವಿಷಯ ಹೇಳುತ್ತೇನೆ.

ಬೆಳಗ್ಗೆ ಐದೂವರೆಗೆ ಡಿಪೊದಲ್ಲಿ ಟಿಕೆಟ್ ಮೆಷಿನ್, ವೇಬಿಲ್ ತಗೊಂಡು ಹೊರಡುವಾಗ ಬಾಟಲಿ ತುಂಬಿಸಿಕೊಳ್ಳುತ್ತೇನೆ. ಮಧ್ಯಾಹ್ನ ಡ್ಯೂಟಿ ಮುಗಿದಾಗ ಅದು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ನಮ್ಮದು ಹಳ್ಳಿ ರೂಟ್. ಕೊನೇ ಸ್ಟಾಪಲ್ಲಿ ಒಂದು ಅರಳಿಕಟ್ಟೆ, ಒಂದು ಟೀ ಅಂಗಡಿ, ಅಷ್ಟೇ. ಡ್ರೈವರ್ ಅಣ್ಣ ಬಸ್ ಹಿಂದೆ ಹೋಗಿ ಬರುತ್ತಾರೆ. ನಾನೆಲ್ಲಿಗೆ ಹೋಗಲಿ? ಮುಟ್ಟಿನ ದಿನಗಳಲ್ಲಂತೂ ಗಡಿಯಾರ ನೋಡಿಕೊಂಡೇ ಹೊತ್ತು ಕಳೆಯುತ್ತೇನೆ. ಉರಿಮೂತ್ರ ಅಂತ ಡಾಕ್ಟರ್ ಹತ್ತಿರ ಹೋದರೆ "ಜಾಸ್ತಿ ನೀರು ಕುಡೀಬೇಕಮ್ಮ" ಅಂದರು. ನಾನೂ ಹೂಂ ಅಂದೆ. ಕಿಬ್ಬೊಟ್ಟೆ ನೋಯುತ್ತಿರುವಾಗ "ಸ್ವಲ್ಪ ಒಳಗೆ ಬನ್ನಿ" ಅಂತ ಮೆತ್ತಗೆ ಹೇಳೋದು ಕಷ್ಟ, ಅಲ್ವಾ?

ಅದರ ಜೊತೆಗೆ ಭಯ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಆ ಯೋಜನೆ ನನಗೆ ಇಷ್ಟ. ಕೂಲಿಗೆ ಹೋಗುವ ಹೆಂಗಸರು ಕೈಯಲ್ಲಿ ಕಾಸಿಲ್ಲದಿದ್ದರೂ ಧೈರ್ಯವಾಗಿ ಬಸ್ ಹತ್ತುವುದನ್ನು ನೋಡುವುದೇ ಖುಷಿ. ಆದರೆ ದುಡ್ಡಿಲ್ಲದಿದ್ದರೂ ಟಿಕೆಟ್ ಕೊಡಲೇಬೇಕು. ಆ ಶೂನ್ಯ ಟಿಕೆಟ್ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ಕೊಡುವುದು. ಕಾಲಿಡಲು ಜಾಗವಿಲ್ಲದ ಬಸ್ಸಲ್ಲಿ ಒಬ್ಬೊಬ್ಬರ ಆಧಾರ್ ನೋಡಿ, ಮುಂದಿನ ಸ್ಟೇಜ್ ಬರುವಷ್ಟರಲ್ಲಿ ಎಲ್ಲರಿಗೂ ಟಿಕೆಟ್ ಹರಿಯಬೇಕು. ಒಂದು ಸಲ ಚೆಕಿಂಗ್‌ನವರು ಬಸ್ ನಿಲ್ಲಿಸಿದಾಗ ಒಬ್ಬ ಅಜ್ಜಿ ಹತ್ತಿರ ಟಿಕೆಟ್ ಇರಲಿಲ್ಲ. ಆಗಷ್ಟೇ ಹತ್ತಿದ್ದರು. "ನಂದೇ ತಪ್ಪು ಸ್ವಾಮಿ, ಆ ಹುಡುಗೀನ ಬಿಟ್ಬಿಡಿ" ಅಂತ ಕೈಮುಗಿದರು. ಮೆಮೊ ನನಗೇ ಬಂತು. ಅವತ್ತಿಂದ ನಿದ್ದೆಯಲ್ಲೂ ತಲೆ ಎಣಿಸುತ್ತೇನೆ.

ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು; 2025ರಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ನಮ್ಮ ಶೆಡ್ಯೂಲಲ್ಲೂ ಬಿಡುವು ಬರೆದಿದೆ. ಆದರೆ ರೈಲ್ವೆ ಗೇಟ್ ಬಿದ್ದು ಬಸ್ ಇಪ್ಪತ್ತು ನಿಮಿಷ ಲೇಟಾದರೆ ಹೋಗುವುದು ನಮ್ಮ ಊಟದ ಹೊತ್ತೇ. ಡಬ್ಬಿ ಬಿಚ್ಚುವಷ್ಟರಲ್ಲಿ ಜನ ಸೀಟಲ್ಲಿ ಕೂತಿರುತ್ತಾರೆ. "ಎಷ್ಟೊತ್ತಿಗೆ ಹೊರಡೋದು?" ಅಂತ ಕೇಳುತ್ತಾರೆ. ಅವರ ತಪ್ಪೇನೂ ಇಲ್ಲ.

ಒತ್ತಡ ಕಡಿಮೆ ಮಾಡಿಕೊಳ್ಳುವುದು ಹೇಗೆ ಅಂತ ನಮಗೆ ತರಬೇತಿ ಕೊಟ್ಟಿದ್ದಾರೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟರು, ಉಪಯೋಗವೂ ಆಯಿತು. ಅದಕ್ಕಿಂತ ಮೊದಲು ಕೊನೇ ಸ್ಟಾಪಲ್ಲಿ ನಲ್ಲಿ ನೀರು, ಒಳಗಿಂದ ಹಾಕಿಕೊಳ್ಳಲು ಚಿಲಕ ಇರುವ ಒಂದು ಶೌಚಾಲಯ ಬೇಕು. ಪಂಚಾಯಿತಿ ಮನಸ್ಸು ಮಾಡಿದರೆ ಆಗುವ ಕೆಲಸ. ಬಸ್ಸಿಗೆ ಕಾಯುವ ಹೆಂಗಸರಿಗೂ ಆಗುತ್ತದೆ.

ಹಿಂದಿನ ರೂಟಲ್ಲಿ ಕಟ್ಟೆ ಪಕ್ಕದ ಮನೆಯ ಅಮ್ಮ ಒಬ್ಬರು ಒಂದಿನ ನನ್ನ ಮುಖ ನೋಡಿ, "ಯಾಕವ್ವ ಹಿಂಗ್ ಬಾಡೋಗಿದ್ದೀಯ, ಒಳಗ್ ಬಾ" ಅಂತ ಕರೆದರು. ಆಮೇಲೆ ಬಸ್ ಹಾರ್ನ್ ಕೇಳಿದರೆ ಹಿತ್ತಲ ಬಾಗಿಲು ತೆಗೆದಿಡುತ್ತಿದ್ದರು. ಆ ಎರಡು ವರ್ಷ ನನ್ನ ಬಾಟಲಿ ಖಾಲಿಯಾಗುತ್ತಿತ್ತು. ಆಮೇಲೆ ರೂಟ್ ಬದಲಾಯಿತು. ಇಲ್ಲಿ ಅಂಥ ಮನೆ ಇನ್ನೂ ಸಿಕ್ಕಿಲ್ಲ.