ರಿವರ್ ಕ್ರೂಸ್ ಬುಕ್ ಮಾಡುವ ಮೊದಲು ಹಡಗು ಹೊರಡುವ ಟೈಮ್ ನೋಡಿ

ಬೆಂಗಳೂರಿನ ಒಂದು ಟೂರ್ ಕಂಪನಿಯಲ್ಲಿ ಯುರೋಪಿನ ರಿವರ್ ಕ್ರೂಸ್ ಗ್ರೂಪ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಚಳಿಗಾಲದಲ್ಲಿ ಆಫೀಸಲ್ಲಿ ಕೂತು ಪ್ಲಾನ್ ಮಾಡುತ್ತೇನೆ. ಸೀಸನ್ ಶುರುವಾದ ಮೇಲೆ ಗ್ರೂಪ್ ಜೊತೆ ನಾನೂ ಹಡಗು ಹತ್ತುತ್ತೇನೆ. ಬರುವವರಲ್ಲಿ ಹೆಚ್ಚಿನವರು ರಿಟೈರ್ ಆದವರು. ಬ್ಯಾಂಕಿನವರು, ಮೇಷ್ಟ್ರುಗಳು, ಮಕ್ಕಳು ದುಡ್ಡು ಕೊಟ್ಟು ಕಳಿಸಿದ ಅಪ್ಪ ಅಮ್ಮಂದಿರು.

ಹಡಗಿನ ಕಂಪನಿಗಳ ಬ್ರೋಷರ್‌ನಲ್ಲಿ ಊರಿನ ಹೆಸರುಗಳು ದಪ್ಪ ಅಕ್ಷರದಲ್ಲಿರುತ್ತವೆ. ನಾನು ಮೊದಲು ನೋಡುವುದು ಪಕ್ಕದ ಸಣ್ಣ ಕಾಲಂ: ಎಷ್ಟು ಗಂಟೆಗೆ ಹೊರಡುತ್ತದೆ, ಎಷ್ಟು ಗಂಟೆಗೆ ಸೇರುತ್ತದೆ. ಆ ಎರಡರ ನಡುವೆ ಬೆಳಕಿರುತ್ತದಾ ಇಲ್ವಾ?

ಈ ಹಡಗುಗಳು ಜಾಸ್ತಿ ಓಡುವುದು ರಾತ್ರಿ ಹೊತ್ತು. ಹಗಲು ಊರು ಸುತ್ತಿಸಿ, ರಾತ್ರಿ ಊಟ ಆಗುವಾಗ ಹೊರಟು, ಬೆಳಗ್ಗೆ ಮುಂದಿನ ಊರಿಗೆ ಮುಟ್ಟಿಸಿದರೆ ಒಂದು ವಾರದಲ್ಲಿ ಜಾಸ್ತಿ ಊರು ತೋರಿಸಬಹುದು. ಅದರಲ್ಲಿ ಸುಖವೂ ಇದೆ. ಸೂಟ್‌ಕೇಸ್ ಒಂದೇ ಸಲ ಬಿಚ್ಚಿದರೆ ಸಾಕು. ಆದರೆ ನದಿಯ ಅತಿ ಚೆಂದದ ಭಾಗ ರಾತ್ರಿ ಎರಡು ಗಂಟೆಗೆ ದಾಟಿ ಹೋದರೆ ನದಿಯ ಮೇಲೆ ಇದ್ದು ಏನು ಬಂತು? ಮಂಗಳೂರಿಗೆ ರಾತ್ರಿ ರೈಲಲ್ಲಿ ಹೋದವರಿಗೆ ಸಕಲೇಶಪುರದ ಘಾಟಿ ಕಂಡಿರುವುದಿಲ್ಲ. ಅದೇ ಹಳಿಯ ಮೇಲೆ ಹಗಲು ರೈಲಿಗೆ 2021ರಲ್ಲಿ ಗಾಜಿನ ವಿಸ್ಟಾಡೋಮ್ ಬೋಗಿ ಹಾಕಿದ ಮೇಲೆ ಜನ ಘಾಟಿ ನೋಡುವುದಕ್ಕೇ ಟಿಕೆಟ್ ತೆಗೆಯುತ್ತಿದ್ದಾರೆ.

ಇದನ್ನು ನನ್ನ ತಲೆಗೆ ಗಟ್ಟಿಯಾಗಿ ಕೂರಿಸಿದವರು ಶಿವಮೊಗ್ಗ ಕಡೆಯ ಒಬ್ಬ ರಿಟೈರ್ಡ್ ಟೀಚರ್. ಬೆಳಗಿನ ತಿಂಡಿ ಹೊತ್ತಿಗೆ ಮ್ಯಾಪ್ ಹರಡಿಕೊಂಡು, "ರಾತ್ರಿ ನಾವು ಯಾವ ಯಾವ ಊರು ದಾಟಿದ್ವಿ, ತೋರಿಸಿ" ಅಂದರು. ನಾನು ಹೆಸರು ಹೇಳುತ್ತಾ ಹೋದೆ. ಅವರು ಒಂದೊಂದರ ಮೇಲೂ ಬೆರಳಿಟ್ಟರು. ಕೊನೆಗೆ, "ಇದನ್ನೆಲ್ಲ ನೋಡೋಣ ಅಂತ ತಾನೇ ನಾವು ಹಡಗು ಹತ್ತಿದ್ದು?" ಅಂತ ಕೇಳಿದರು. ಸಿಟ್ಟೇನೂ ಇರಲಿಲ್ಲ, ನಿಜವಾಗಿ ಕೇಳಿದ ಪ್ರಶ್ನೆ. ಈಗ ಯಾವ ಐಟಿನರಿ ಬಂದರೂ ಮೊದಲು ಮ್ಯಾಪ್ ಮೇಲೆ ಹಗಲಿನ ದಾರಿಗೆ ಹಳದಿ, ರಾತ್ರಿಯ ದಾರಿಗೆ ಕಪ್ಪು ಗೆರೆ ಎಳೆಯುತ್ತೇನೆ. ರೇಟಿನ ಮಾತು ಆಮೇಲೆ.

ಜರ್ಮನಿಯ ರೈನ್ ನದಿಯಲ್ಲಿ ಹಳದಿ ಆಗಲೇಬೇಕಾದ ಜಾಗ ಒಂದಿದೆ. ಬಿಂಗನ್, ರೂಡೆಸ್‌ಹೈಮ್‌ನಿಂದ ಕೊಬ್ಲೆಂಟ್ಸ್‌ವರೆಗಿನ ಸುಮಾರು 65 ಕಿಲೋಮೀಟರ್ ಕಣಿವೆ. 2002ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಎರಡೂ ಕಡೆ ಕಡಿದಾದ ಗುಡ್ಡ, ಗುಡ್ಡದ ಮೈಮೇಲೆ ದ್ರಾಕ್ಷಿ ತೋಟ, ತುದಿಯಲ್ಲಿ ಕೋಟೆಗಳು. ಹೋಗಿ ಬರುವ ಹಡಗುಗಳಿಂದ ಸುಂಕ ವಸೂಲಿ ಮಾಡುವುದಕ್ಕೆ ಕಟ್ಟಿಸಿದ ಕೋಟೆಗಳೂ ಇದರಲ್ಲಿವೆ. ಅವನ್ನು ನೋಡಬೇಕಾದದ್ದೂ ಹಡಗಿನಿಂದಲೇ. ನಮ್ಮ ಕಡೆಯ ಬಸ್ ಟೂರ್‌ಗಳಲ್ಲಿ ಬೊಪ್ಪಾರ್ಡ್‌ನಿಂದ ಸೇಂಟ್ ಗೋರ್‌ವರೆಗೆ ಸಣ್ಣ ಬೋಟ್ ಸವಾರಿ ಮಾಡಿಸುತ್ತಾರಲ್ಲ, ಅದು ಈ ಕಣಿವೆಯ ಒಂದು ತುಂಡು ಮಾತ್ರ.

ರೈನ್ ದಡದಲ್ಲಿ ಉದ್ದಕ್ಕೂ ದೊಡ್ಡ ಅಂಕಿಗಳ ಕಿಲೋಮೀಟರ್ ಬೋರ್ಡುಗಳಿವೆ. ಲೆಕ್ಕ ಶುರುವಾಗುವುದು ಕಾನ್‌ಸ್ಟಾನ್ಸ್ ಊರಿನ ಸೇತುವೆಯಿಂದ. ನಾನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಎಲ್ಲರ ಕೈಗೂ ಕೊಡುತ್ತೇನೆ. 530, ನದಿ ಮಧ್ಯದ ಇಲಿ ಗೋಪುರ. 546, ಕೌಬ್ ಊರಿನ ಎದುರು ನೀರಿನಲ್ಲೇ ನಿಂತ ಬಿಳಿ ಸುಂಕದ ಕೋಟೆ. 554, ಲೊರೆಲೈ ಬಂಡೆ. 580, ಮಾರ್ಕ್ಸ್‌ಬುರ್ಗ್, ಈ ಕಣಿವೆಯಲ್ಲಿ ಯಾರೂ ಕೆಡವದೆ ಉಳಿದ ಬೆಟ್ಟದ ಕೋಟೆ. ಹಾಳೆ ಕೈಯಲ್ಲಿದ್ದರೆ ಯಾರೂ ನನ್ನನ್ನು "ಇದ್ಯಾವುದು, ಅದ್ಯಾವುದು" ಅಂತ ಕೇಳುವುದಿಲ್ಲ. ಅವರೇ ಬೋರ್ಡ್ ಓದಿ ಪಕ್ಕದವರಿಗೆ ಕೂಗಿ ಹೇಳುತ್ತಾರೆ. ಮೊದಲ ದಿನ ಮಾತೇ ಆಡದೆ ಕೂತಿದ್ದ ಅಂಕಲ್ ಒಬ್ಬರು "545 ಬಂತು, ಎಲ್ಲ ಬಲಗಡೆ ಬನ್ನಿ" ಅಂತ ಇಡೀ ಡೆಕ್‌ಗೆ ಸಾರುವುದನ್ನು ನೋಡುವುದು ನನಗೆ ತುಂಬಾ ಇಷ್ಟ.

ಲೊರೆಲೈ ಹತ್ತಿರ ಬಂದಾಗ ವೀಲ್‌ಹೌಸ್, ಅಂದರೆ ಕ್ಯಾಪ್ಟನ್ ಹಡಗು ನಡೆಸುವ ಕೋಣೆಯ ಪಕ್ಕ ನಿಲ್ಲಿ. ಬಂಡೆ ನೀರಿನಿಂದ 132 ಮೀಟರ್ ಎತ್ತರ. ನದಿ ಅಲ್ಲಿ ಕಿರಿದಾಗಿ ಆಳವಾಗುತ್ತದೆ, ತಿರುವಿನಾಚೆ ಏನು ಬರುತ್ತಿದೆ ಅಂತ ಕಾಣುವುದಿಲ್ಲ. ಅದಕ್ಕೇ ಊಬರ್‌ವೇಸಲ್‌ನಿಂದ ಸೇಂಟ್ ಗೋರ್‌ವರೆಗೆ ದಡದ ಮೇಲೆ ದೀಪದ ಸಿಗ್ನಲ್‌ಗಳಿವೆ. ಮೇಲಿನಿಂದ ಹಡಗು ಬರುತ್ತಿದೆಯಾ ಅಂತ ಪ್ರವಾಹಕ್ಕೆ ಎದುರಾಗಿ ಬರುವ ಹಡಗಿಗೆ ತಿಳಿಸುವುದಕ್ಕೆ. ನಮ್ಮ ಹಡಗಿನ ಬಲಗಡೆ ಒಂದು ನೀಲಿ ಹಲಗೆ ಎದ್ದು ನಿಂತು ಬಿಳಿ ದೀಪ ಮಿನುಗಿದರೆ, ಎದುರಿನವರ ಜೊತೆ ಬಲಕ್ಕೆ ಬಲ ದಾಟುತ್ತೇವೆ ಅಂತ ಅರ್ಥ. ಯಾವ ಕಡೆ ದಾಟಬೇಕು ಅಂತ ಹೇಳುವ ಹಕ್ಕು ಪ್ರವಾಹಕ್ಕೆ ಎದುರಾಗಿ ಹೋಗುವ ಹಡಗಿನದು. ಇದನ್ನು ಒಮ್ಮೆ ಹೇಳಿಕೊಟ್ಟರೆ ಸಾಕು, ಕೆಲವರು ಕೋಟೆ ಬಿಟ್ಟು ಆ ಹಲಗೆಯನ್ನೇ ನೋಡುತ್ತಾ ನಿಲ್ಲುತ್ತಾರೆ. 2011ರ ಜನವರಿಯಲ್ಲಿ ಇಲ್ಲೇ ಹತ್ತಿರ ಸಲ್ಫ್ಯೂರಿಕ್ ಆಸಿಡ್ ತುಂಬಿದ ಟ್ಯಾಂಕರ್ ಮಗುಚಿ ಹಡಗುಗಳ ಓಡಾಟ ವಾರಗಟ್ಟಲೆ ಕೆಟ್ಟಿತ್ತು. ಲೊರೆಲೈ ಕಥೆಯಲ್ಲಿ ಬಂಡೆ ಮೇಲೆ ಕೂತು ತಲೆ ಬಾಚುವ ಹೆಣ್ಣು ಅಂಬಿಗರನ್ನು ಮುಳುಗಿಸುತ್ತಾಳೆ. ತಿರುವು ಮಾತ್ರ ಕಥೆಯಲ್ಲ.

ಕೆಲಸದ ಮಾತಿಗೆ ಬರುತ್ತೇನೆ. ಹಗಲಲ್ಲಿ ಕಣಿವೆ ದಾಟುವ ಹಡಗು ಸಿಕ್ಕಿತು ಅಂದರೆ ಕೆಲಸ ಮುಗಿಯಲಿಲ್ಲ. ಆ ಹೊತ್ತನ್ನು ಕಾಯಬೇಕು. ಕಣಿವೆಯ ನಟ್ಟನಡುವೆ ಬೀಳುವುದು ಮಧ್ಯಾಹ್ನದ ಊಟ. ಬೆಳಗ್ಗೆ ಎಂಟಕ್ಕೆ ಕೊಬ್ಲೆಂಟ್ಸ್ ಬಿಟ್ಟ ಹಡಗು ಪ್ರವಾಹಕ್ಕೆ ಎದುರಾಗಿ ರೂಡೆಸ್‌ಹೈಮ್ ಮುಟ್ಟುವಾಗ ಮಧ್ಯಾಹ್ನ ಎರಡು ಗಂಟೆ ಆಗುತ್ತದೆ. ಹನ್ನೆರಡೂವರೆಗೆ ಊಟದ ಗಂಟೆ ಹೊಡೆದರೆ ನಮ್ಮವರು ಎದ್ದು ಹೋಗುತ್ತಾರೆ. ವೆಜ್ ಖಾಲಿ ಆಗಿಬಿಟ್ಟರೆ ಅನ್ನುವ ಚಿಂತೆ ಅವರಿಗೆ. ಆದ್ದರಿಂದ ಹಿಂದಿನ ದಿನವೇ ಹಡಗಿನ ಹೋಟೆಲ್ ಮ್ಯಾನೇಜರ್ ಹತ್ತಿರ ಕೂತು ಮಾತಾಡುತ್ತೇನೆ. ಡೆಕ್ ಮೇಲೆ ಬಿಸಿ ಸೂಪು, ಬ್ರೆಡ್ಡು, ಹಣ್ಣು. ವೆಜ್ ಊಟ ನಮಗಂತ ಎತ್ತಿಟ್ಟು ಎರಡು ಗಂಟೆ ಮೇಲೆ. ಅದನ್ನು ಗ್ರೂಪ್‌ಗೆ ರಾತ್ರಿಯೇ ಸ್ಪಷ್ಟವಾಗಿ ಹೇಳಿಬಿಡಬೇಕು. ಊಟ ಎಲ್ಲಿಗೂ ಹೋಗಲ್ಲ ಅಂತ ಗೊತ್ತಾದರೆ ನಮ್ಮ ಜನ ನೆಮ್ಮದಿಯಾಗಿ ಕೂರುತ್ತಾರೆ.

ಆ ಹೊತ್ತಿನಲ್ಲಿ ಬೇರೆ ಏನೂ ಇಟ್ಟುಕೊಳ್ಳುವುದಿಲ್ಲ. ನಾಳೆಯ ಟೂರ್ ವಿವರಣೆ ಬೇಡ, ಹೌಸಿ ಬೇಡ, ಅಂತ್ಯಾಕ್ಷರಿಯೂ ಬೇಡ. ಶಾಲು, ಸ್ವೆಟರ್, ಮಂಕಿ ಕ್ಯಾಪ್ ಮಾತ್ರ ಮೇಲೆ ತರಲು ಹೇಳುತ್ತೇನೆ. ಬಿಸಿಲಿದ್ದರೂ ಹಡಗು ಓಡುವಾಗ ಡೆಕ್ ಮೇಲಿನ ಗಾಳಿ ಕೊರೆಯುತ್ತದೆ. ಮೈಕಲ್ಲೂ ಮಾತು ಕಡಿಮೆ. ಎರಡೂ ದಡದಲ್ಲಿ ರೈಲು ಓಡುತ್ತಲೇ ಇರುತ್ತದೆ, ಚರ್ಚ್ ಗಂಟೆ ಕೇಳುತ್ತದೆ, ಮೈನ್ಸ್‌ನಿಂದ ಕೊಬ್ಲೆಂಟ್ಸ್‌ವರೆಗೆ ಸೇತುವೆ ಇಲ್ಲದ್ದರಿಂದ ಕಾರು ಹೊತ್ತ ಫೆರಿ ಬೋಟ್‌ಗಳು ಅಡ್ಡ ದಾಟುತ್ತಿರುತ್ತವೆ. ಇಷ್ಟೆಲ್ಲ ಇರುವಾಗ ನನ್ನ ವಿವರಣೆ ಯಾಕೆ?

ದಿಕ್ಕನ್ನೂ ಕೇಳಿಕೊಳ್ಳಿ. ಆಮ್‌ಸ್ಟರ್‌ಡ್ಯಾಮ್‌ನಿಂದ ಬಾಸೆಲ್‌ಗೆ ಹೋಗುವ ಹಡಗು ಪ್ರವಾಹಕ್ಕೆ ಎದುರು, ನಿಧಾನ. ಬಾಸೆಲ್‌ನಿಂದ ಬರುವ ಹಡಗು ನೀರಿನ ಜೊತೆ ಓಡುತ್ತದೆ, ಅದೇ ಕಣಿವೆ ಮೂರೂವರೆ, ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ವಯಸ್ಸಾದವರ ಗ್ರೂಪ್‌ಗೆ ನಾನು ಎದುರು ಹೋಗುವುದನ್ನೇ ಆರಿಸುತ್ತೇನೆ.

ನೀರು ಕೈಕೊಡುವ ವರ್ಷಗಳೂ ಇವೆ. 2018ರ ಅಕ್ಟೋಬರ್‌ನಲ್ಲಿ ಕೌಬ್‌ನ ನೀರಳತೆ 25 ಸೆಂಟಿಮೀಟರ್‌ಗೆ ಇಳಿದಿತ್ತು. ಅದು ನದಿಯ ಪೂರ್ತಿ ಆಳ ಅಲ್ಲ, ಹಡಗು ಸಾಗುವ ದಾರಿಯಲ್ಲಿ ಅದಕ್ಕಿಂತ ಒಂದು ಮೀಟರ್‌ಗೂ ಮೇಲೆ ನೀರಿರುತ್ತದೆ. ಆದರೂ 135 ಮೀಟರ್ ಉದ್ದದ ಹಡಗಿಗೆ ಅದು ಸಾಲದು. ಆಗ ಕಂಪನಿಗಳು ಬಸ್ಸಿನಲ್ಲಿ ಕರೆದೊಯ್ಯುತ್ತವೆ, ಕಣಿವೆ ತಪ್ಪಿಹೋಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಾನು ದಿನಾ ಬೆಳಗ್ಗೆ ಕೌಬ್‌ನ ಅಂಕಿ ನೋಡುತ್ತೇನೆ. ಹಡಗು ನಿಂತರೆ ಬಿಂಗನ್‌ನಿಂದ ಕೊಬ್ಲೆಂಟ್ಸ್‌ಗೆ ಎಡದಂಡೆಯ ರೈಲು. ನೀರಿನ ಪಕ್ಕದಲ್ಲೇ ಹೋಗುತ್ತದೆ, ಹಡಗಿನಷ್ಟಲ್ಲದಿದ್ದರೂ ಕೋಟೆಗಳು ಕಾಣುತ್ತವೆ.

ಡ್ಯಾನ್ಯೂಬ್‌ನಲ್ಲಿ ನೋಡಬೇಕಾದದ್ದು ಆಸ್ಟ್ರಿಯಾದ ವಾಖೌ ಕಣಿವೆ, ಮೆಲ್ಕ್‌ನಿಂದ ಕ್ರೆಮ್ಸ್‌ವರೆಗೆ ಸುಮಾರು 35 ಕಿಲೋಮೀಟರ್. ಏಪ್ರಿಕಾಟ್ ತೋಟಗಳು, ನೀಲಿ ಗೋಪುರದ ಡ್ಯೂರ್ನ್‌ಸ್ಟೈನ್. ಮೇಲಿನ ಪಾಳು ಕೋಟೆಯಲ್ಲಿ 1192ರಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು ಸೆರೆ ಇಟ್ಟಿದ್ದರು. ನೀರಿನ ಜೊತೆ ಹೋದರೆ ಎರಡು ಗಂಟೆ, ಎದುರು ಹೋದರೆ ಮೂರು. ಪೋರ್ಚುಗಲ್‌ನ ಡೌರೊ ನದಿಯಲ್ಲಿ ಈ ತಲೆನೋವೇ ಇಲ್ಲ. ಅಲ್ಲಿ ಕ್ರೂಸ್ ಹಡಗುಗಳು ರಾತ್ರಿ ಓಡುವಂತಿಲ್ಲ. ಬೆಟ್ಟದ ಮೆಟ್ಟಿಲು ಮೆಟ್ಟಿಲು ದ್ರಾಕ್ಷಿ ತೋಟ, ಕಾರಪಾಟೆಲೊದಲ್ಲಿ ನೀರು ತುಂಬಿಸಿ ಹಡಗನ್ನು 35 ಮೀಟರ್ ಎತ್ತುವ ಲಾಕ್ ಅನ್ನುವ ಗೇಟಿನ ತೊಟ್ಟಿ, ಎಲ್ಲವೂ ಹಗಲಲ್ಲೇ. ಹಡಗಿನ ಪಯಣವೇ ಮುಖ್ಯ ಅನ್ನುವವರಿಗೆ ನಾನು ಹೇಳುವ ಮೊದಲ ಹೆಸರು ಡೌರೊ. ಬುಡಾಪೆಸ್ಟ್ ಮಾತ್ರ ತಿರುಗುಮುರುಗು. ಅಲ್ಲಿ ಕತ್ತಲಾದ ಮೇಲೆ, ಪಾರ್ಲಿಮೆಂಟ್‌ನ ದೀಪಗಳು ಹತ್ತಿದ ಮೇಲೆ ಹಡಗು ಹೊರಡಬೇಕು.

ಬ್ರೋಷರ್‌ನಲ್ಲಿ "ಇಡೀ ದಿನ ಹಗಲು ಸೇಲಿಂಗ್" ಅಂತ ಕಂಡ ಕೂಡಲೇ ಖುಷಿಪಡಬೇಡಿ. ಎಲ್ಲಿ ಅಂತ ಕೇಳಿ. 1992ರಲ್ಲಿ ಮುಗಿದ ಮೈನ್-ಡ್ಯಾನ್ಯೂಬ್ ಕಾಲುವೆಯಲ್ಲೂ ಹಗಲು ಓಡುತ್ತಾರೆ. ಅಲ್ಲಿ ಸೇತುವೆಗಳು ತಗ್ಗು. ವೀಲ್‌ಹೌಸನ್ನೇ ಕೆಳಗಿಳಿಸುತ್ತಾರೆ, ಮೇಲಿನ ಡೆಕ್ ಮುಚ್ಚಿರುತ್ತದೆ. ಲಾಕ್ 12 ಮೀಟರ್ ಅಗಲ, ಹಡಗು ಹನ್ನೊಂದೂವರೆ. ಕಿಟಕಿ ತೆರೆದರೆ ಕಾಂಕ್ರೀಟ್ ಗೋಡೆ ಕೈಗೆ ಸಿಗುತ್ತದೆ. ಇಂಜಿನಿಯರ್‌ಗಳಿಗೆ ಅದು ಹಬ್ಬ. ಅವರ ಹೆಂಡತಿಯರು ಲೌಂಜ್‌ನಲ್ಲಿ ನಿದ್ದೆ ಮಾಡುತ್ತಾರೆ.

ಕ್ಯಾಬಿನ್ ಬಗ್ಗೆಯೂ ಜಾಸ್ತಿ ಜನ ಕೇಳುತ್ತಾರೆ, ಬಾಲ್ಕನಿ ಬೇಕಾ ಅಂತ. ಬಾಲ್ಕನಿಯಿಂದ ಒಂದು ದಡ ಮಾತ್ರ ಕಾಣುತ್ತದೆ. ಹಡಗು ನಿಂತಾಗ ಪಕ್ಕಕ್ಕೆ ಇನ್ನೊಂದು ಹಡಗು ಕಟ್ಟಿದರೆ ಅದೂ ಇಲ್ಲ, ಎದುರು ಕ್ಯಾಬಿನ್‌ನ ಪರದೆ. ಚೆಂದದ ಭಾಗಗಳೆಲ್ಲ ಹಗಲಲ್ಲಿ ಬರುವ ಐಟಿನರಿ ಆದರೆ ಕೆಳಗಿನ ಅಗ್ಗದ ಕ್ಯಾಬಿನ್ ತಗೊಳ್ಳಿ, ನೀವು ಹೇಗೂ ಡೆಕ್ ಮೇಲೇ ಇರುತ್ತೀರಿ. ಮಂಡಿ ನೋವಿದ್ದು ಮೆಟ್ಟಿಲು ಹತ್ತಲಾಗದವರಿಗೆ ಮಾತ್ರ ನಾನೇ ಬಾಲ್ಕನಿ ಅಂತ ಒತ್ತಾಯ ಮಾಡುತ್ತೇನೆ.

ತಿಂಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ಜೂನ್‌ನಲ್ಲಿ ಕೊಬ್ಲೆಂಟ್ಸ್ ಕಡೆ ರಾತ್ರಿ ಒಂಬತ್ತೂವರೆವರೆಗೂ ಬೆಳಕು, ಸಂಜೆ ಐದಕ್ಕೆ ಹೊರಟರೂ ಕಣಿವೆಯ ಹೆಚ್ಚಿನ ಭಾಗ ಕಾಣುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಡಿಸೆಂಬರ್‌ನ ಕ್ರಿಸ್‌ಮಸ್ ಮಾರ್ಕೆಟ್ ಕ್ರೂಸ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆ ತಿಂಗಳಲ್ಲಿ ಹೋಗುವವರು ಏಜೆಂಟ್ ಹತ್ತಿರ ಬೆಳಗ್ಗೆ ಕಣಿವೆಗೆ ಹೊರಡುವ ಹಡಗನ್ನೇ ಕೇಳಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಇಮೇಲ್‌ನಲ್ಲಿ ಬರೆಸಿಕೊಂಡ ಮೇಲೆ ಅಡ್ವಾನ್ಸ್ ಕಟ್ಟಿ.