ಎಲಿವೇಟರ್ ಕೊಂಬಿಗೆ ಸೀಸದ ತೂಕ ಹೊಯ್ಯುವುದು

ವಿಮಾನದ ಬಾಲದಲ್ಲಿ ಹಿಂಜಿನ (ತಿರುಗುವ ಕೀಲಿನ) ಮೇಲೆ ಆಡುತ್ತಾ ಮೂತಿಯನ್ನು ಏರಿಸಿ ಇಳಿಸುವ ಹಲಗೆಯೇ ಎಲಿವೇಟರ್. ಹಿಂಜಿನ ಹಿಂದೆ ಭಾರ ಹೆಚ್ಚಾದರೆ ಅದು ವೇಗ ಏರಿದಾಗ ತಾನಾಗಿಯೇ ಅದುರಲು ಶುರುಮಾಡಬಹುದು. ಗಾಳಿಯೇ ಆ ಅದುರಾಟಕ್ಕೆ ಬಲ ತುಂಬುತ್ತಾ ಹೋಗುತ್ತದೆ, ಕೆಲವೇ ಸೆಕೆಂಡಿನಲ್ಲಿ ಬಾಲ ಕಿತ್ತುಹೋಗಬಹುದು. ಇದೇ ಫ್ಲಟರ್. ಹಿಂಜಿನ ಮುಂದೆ ತೂಕ ಇಟ್ಟು ಇದನ್ನು ತಡೆಯಬಹುದೆಂದು ನೆದರ್ಲೆಂಡ್ಸಿನ ಫಾನ್ ಬೌಮ್‌ಹೌವರ್ ಮತ್ತು ಕೋನಿಂಗ್ 1920ರ ದಶಕದ ಆರಂಭದಲ್ಲೇ ತೋರಿಸಿದ್ದರು. ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ-7ರಂಥ, ನಾವೇ ಜೋಡಿಸುವ ವಿಮಾನದ ಕಿಟ್ಟಿನಲ್ಲಿ ಎಲಿವೇಟರ್ ತುದಿಯ ಕೊಂಬಿನೊಳಗೆ, ಅಂದರೆ ಹಿಂಜಿಗಿಂತ ಮುಂದಕ್ಕೆ ಚಾಚಿದ ಭಾಗದೊಳಗೆ, ಕೂರುವ ಸೀಸದ ಗಟ್ಟಿ ಸಿದ್ಧವಾಗಿಯೇ ಬರುತ್ತದೆ. ಬರೀ ನಕ್ಷೆ ನೋಡಿ ಕಟ್ಟುವವರು ಅದನ್ನು ತಾವೇ ಹೊಯ್ದುಕೊಳ್ಳಬೇಕು.

ಮೊದಲು ಲೆಕ್ಕ. ಎಲಿವೇಟರನ್ನು ಅದರ ಹಿಂಜುಗಳ ಮೇಲೆಯೇ ಸಲೀಸಾಗಿ ತಿರುಗುವಂತೆ ನಿಲ್ಲಿಸಿ, ಹಿಂದಿನ ಅಂಚಿನ ಕೆಳಗೆ ತಕ್ಕಡಿ ಇಡಿ. ಹಿಂಜು ಬಿಗಿಯಾಗಿದ್ದರೆ ಅಳತೆ ಸುಳ್ಳಾಗುತ್ತದೆ. ಎಲಿವೇಟರ್ ಮಟ್ಟವಾಗಿದ್ದಾಗ ತಕ್ಕಡಿ 240 ಗ್ರಾಂ ತೋರಿಸಿತು, ಅಂಚು ಹಿಂಜಿನಿಂದ 40 ಸೆಂ.ಮೀ. ಹಿಂದಿದೆ ಎಂದುಕೊಳ್ಳಿ. 240 × 40 = 9600. ತೂಕ ಕೂರುವ ಜಾಗ ಹಿಂಜಿನಿಂದ 16 ಸೆಂ.ಮೀ. ಮುಂದಿದ್ದರೆ 9600 ÷ 16, ಅಂದರೆ 600 ಗ್ರಾಂ ಸೀಸ ಬೇಕು. ಇನ್ನು ಬಣ್ಣ. 100 ಗ್ರಾಂ ಬಣ್ಣದ ಭಾರ ಸರಾಸರಿ 16 ಸೆಂ.ಮೀ. ಹಿಂದೆ ಬಿದ್ದರೆ ಇನ್ನೂ 100 ಗ್ರಾಂ ಸೇರಿಸಬೇಕು. ಒಟ್ಟು 700 ಗ್ರಾಂ. ಸೀಸದ ಸಾಂದ್ರತೆ 11.34, ಹಾಗಾಗಿ ಅಚ್ಚಿನ ಒಳಗಾತ್ರ ಸುಮಾರು 62 ಘನ ಸೆಂ.ಮೀ. ಇರಬೇಕು. ಅಚ್ಚನ್ನು ಅದಕ್ಕಿಂತ ಕೊಂಚ ದೊಡ್ಡದು ಮಾಡಿ, ಶೇ. 10ರಷ್ಟು ಹೆಚ್ಚಿಗೆ ಹೊಯ್ಯಿರಿ. ಕೊರೆದು ತೆಗೆಯುವುದು ಸುಲಭ, ಆಮೇಲೆ ಸೇರಿಸುವುದು ಕಷ್ಟ. ಎಷ್ಟರ ಮಟ್ಟಿಗೆ ಸಮತೋಲ ಬೇಕೆಂಬುದಕ್ಕೆ ವಿನ್ಯಾಸಕಾರರ ನಕ್ಷೆಯೇ ಕೊನೆಯ ಮಾತು.

ಮೀನುಬಲೆಯ ಗುಂಡು, ಹಳೆಯ ಸೀಸದ ಪೈಪು ಒಳ್ಳೆಯ ಮಾಲು. ಟೈರಿನ ಬ್ಯಾಲೆನ್ಸ್ ತೂಕಗಳಲ್ಲಿ ಕೆಲವು ಸತುವಿನವು ಇರುತ್ತವೆ. ಸೀಸ ಕರಗುವುದು 327 ಡಿಗ್ರಿಯಲ್ಲಿ, ಸತು ಕರಗುವುದು 419ರಲ್ಲಿ. ಬಿಸಿ 380ರ ಆಸುಪಾಸಿನಲ್ಲೇ ಇದ್ದರೆ ಸತು ಕರಗದೆ ತೇಲುತ್ತದೆ, ಸೌಟಿನಲ್ಲಿ ಎತ್ತಿ ಹಾಕಬಹುದು. ಬ್ಯಾಟರಿ ಪ್ಲೇಟು ಮಾತ್ರ ಖಂಡಿತ ಬೇಡ: ಅದು ಕರಗಿದಾಗ ಮೇಲೆ ತೇಲುವ ಕಿಟ್ಟಕ್ಕೆ (ಕಲ್ಮಶಕ್ಕೆ) ತೇವ ತಾಗಿದರೆ ಆರ್ಸೀನ್, ಸ್ಟಿಬೀನ್ ಎಂಬ ವಿಷಾನಿಲ ಹೊರಡಬಹುದು.

ಅಚ್ಚಿಗೆ ಒಂದೂವರೆ ಮಿ.ಮೀ. ದಪ್ಪದ ಕಪ್ಪು ಕಬ್ಬಿಣದ ತಗಡು ಸಾಕು. ಜಿಐ (ಸತು ಲೇಪಿಸಿದ) ತಗಡಾದರೆ ಅದರ ಸತು ಸೀಸಕ್ಕೆ ಸೇರುತ್ತದೆ. ಗೋಡೆಗಳನ್ನು ಬೆಸೆಯಬೇಡಿ, ಮಡಿಸಿ ಕ್ಲಾಂಪ್ ಹಾಕಿ. ಬಿಚ್ಚಿದರೆ ಗಟ್ಟಿ ತಾನೇ ಹೊರಬರುತ್ತದೆ. ಒಳಮೈಗೆ ಮೇಣದಬತ್ತಿಯ ಮಸಿ ಹಿಡಿಸಿದರೆ ಸೀಸ ಅಂಟುವುದಿಲ್ಲ.

ಅಚ್ಚನ್ನು ಬ್ಲೋ ಟಾರ್ಚಿನಿಂದ ಚೆನ್ನಾಗಿ ಕಾಯಿಸಿಯೇ ಹೊಯ್ಯಬೇಕು. ಇದಕ್ಕೆ ಎರಡು ಕಾರಣ. ತಣ್ಣನೆಯ ಅಚ್ಚಿನಲ್ಲಿ ಸೀಸ ಪದರ ಪದರವಾಗಿ ಹೆಪ್ಪುಗಟ್ಟುತ್ತದೆ. ಹೊರಗೆ ಸುಕ್ಕು ಕಾಣುತ್ತದೆ, ಒಳಗೆ ಪದರಗಳು ಬೆಸೆದಿರುವುದಿಲ್ಲ. ಎರಡನೆಯದು ಜೀವದ ಪ್ರಶ್ನೆ: ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಅದು ಕ್ಷಣದಲ್ಲಿ ಹಬೆಯಾಗಿ ಕಾದ ಸೀಸವನ್ನು ಮುಖಕ್ಕೆ ಎರಚುತ್ತದೆ. ಸೌಟನ್ನೂ, ನಡುವೆ ಹಾಕುವ ತುಂಡುಗಳನ್ನೂ ಮೊದಲೇ ಕಾಯಿಸಿಕೊಳ್ಳಿ. ಮುಖಕ್ಕೆ ಪೂರ್ತಿ ಶೀಲ್ಡ್, ಚರ್ಮದ ಗ್ಲೌಸ್, ಹತ್ತಿ ಬಟ್ಟೆ, ಮುಚ್ಚಿದ ಬೂಟು ಬೇಕು. ಕೆಲಸ ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ. ಈ ಪಾತ್ರೆ ಮತ್ತೆ ಅಡುಗೆಮನೆ ಸೇರಬಾರದು.

ಕರಗಿದ ಮೇಲೆ ಬಟಾಣಿ ಗಾತ್ರದ ಮೇಣ ಹಾಕಿ ಕಲಕಿ. ಹೊಗೆ ಬರುತ್ತದೆ, ಉರಿಯೂ ಹತ್ತಬಹುದು. ಬೂದುಬಣ್ಣದ ಕಿಟ್ಟ ಮೇಲೆ ಬಂದು ಕನ್ನಡಿಯಂಥ ಮೈ ಕಾಣುತ್ತದೆ. ಕಿಟ್ಟ ತೆಗೆದು, ಒಂದೇ ಧಾರೆಯಲ್ಲಿ ನಿಲ್ಲಿಸದೆ ಹೊಯ್ಯಿರಿ. ಗಟ್ಟಿಯಾಗುವಾಗ ಸೀಸ ಶೇ. 3.5ರಷ್ಟು ಕುಗ್ಗುತ್ತದೆ, ಮೇಲ್ಭಾಗದ ನಡುವೆ ಗುಳಿ ಬೀಳುತ್ತದೆ. ಮೇಲ್ಭಾಗಕ್ಕೆ ಟಾರ್ಚಿನ ಬಿಸಿ ತೋರಿಸುತ್ತಾ ಇನ್ನಷ್ಟು ಸೀಸ ತುಂಬಿ. ಇಲ್ಲದಿದ್ದರೆ ಗುಳಿ ಒಳಗೇ ಉಳಿಯುತ್ತದೆ, ನಿಮ್ಮ ಲೆಕ್ಕದ ತೂಕ ಸಿಗುವುದಿಲ್ಲ.

ಕೊರೆಯುವಾಗ ಸೀಸ ಡ್ರಿಲ್ಲನ್ನು ಕಚ್ಚಿ ಹಿಡಿಯುತ್ತದೆ. ನಿಧಾನ ವೇಗ, ಒಂದಿಷ್ಟು ಸೀಮೆಎಣ್ಣೆ, ಆಗಾಗ ಬಿಟ್ ಹೊರಗೆಳೆದು ಚೂರು ತೆಗೆಯುವುದು, ಇಷ್ಟೇ ಮದ್ದು. ಆ ಚೂರನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೈ ಸೋಪಿನಲ್ಲಿ ತೊಳೆಯದೆ ಏನನ್ನೂ ತಿನ್ನಬೇಡಿ.

ಕೂರಿಸುವಲ್ಲಿ ಆಗುವ ತಪ್ಪು ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯಕರ. ಸೀಸ ಮೆತ್ತನೆಯದು, ಒತ್ತಡದಲ್ಲಿ ಮೆಲ್ಲಗೆ ಜರಗುತ್ತದೆ, ಇವತ್ತು ಬಿಗಿ ಮಾಡಿದ ಸ್ಕ್ರೂ ತಿಂಗಳು ಕಳೆದರೆ ಸಡಿಲ. ಸೀಸದಲ್ಲೇ ಮರೆ (ಥ್ರೆಡ್) ಕೊರೆದು ಸ್ಕ್ರೂ ಹಾಕುವ ಬದಲು ಆರಪಾರ ಬೋಲ್ಟ್, ಅಗಲ ವಾಷರ್, ಲಾಕ್‌ನಟ್ ಹಾಕಿ. ಕಳಚಿದ ಗಟ್ಟಿ ಕೊಂಬಿನೊಳಗೆ ಉರುಳಿ ಎಲಿವೇಟರನ್ನೇ ಸಿಕ್ಕಿಸಬಹುದು. ಸೀಸ ಅಲ್ಯೂಮಿನಿಯಮ್ಮಿಗೆ ನೇರ ತಾಗಿದಲ್ಲಿ ತೇವ ಸೇರಿ ಅಲ್ಯೂಮಿನಿಯಂ ಕೊರೆಯುತ್ತದೆ, ಹಾಗಾಗಿ ಎರಡೂ ಮೈಗೆ ಎಪಾಕ್ಸಿ ಪ್ರೈಮರ್ ಬೇಕೇ ಬೇಕು.

ಬಣ್ಣ ಪೂರ್ತಿ ಒಣಗಿದ ಮೇಲೆ, ಟ್ರಿಮ್ ಟ್ಯಾಬ್ (ಎಲಿವೇಟರಿನ ಹಿಂದಿನ ಅಂಚಿನ ಪುಟ್ಟ ಹಲಗೆ) ಮತ್ತು ಅದರ ಸಲಾಕೆ ಕೂರಿಸಿಕೊಂಡು ಇನ್ನೊಮ್ಮೆ ತೂಗಿ. ಹಿಂದಿನ ಅಂಚಿನಲ್ಲಿ 10 ಗ್ರಾಂ ಪುಟ್ಟಿ ಹೆಚ್ಚಾದರೂ ಮೇಲಿನ ಅಳತೆಯಲ್ಲಿ ಮುಂದೆ 25 ಗ್ರಾಂ ಸೀಸ ಬೇಕಾಗುತ್ತದೆ. ಕೊನೆಗೆ ಬಂದ ಅಂಕಿಯನ್ನು ಲಾಗ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ವಿಮಾನಕ್ಕೆ ಮರುಬಣ್ಣ ಹೊಡೆಯುವವರು ಹಳೆಯ ಬಣ್ಣ ಕೆರೆಯುವ ಮುಂಚೆ ನೋಡಬೇಕಾದ ಪುಟ ಅದು.